ಓದುಗರ ಪ್ರಶ್ನೆ, ನಮ್ಮ ಉತ್ತರ: ‘ನೋಡಿ ಕಲಿಯುವ ಮಗ’, ತಲೆಕೆಳಗಾದ ಮಗ್ಗಿ, ಗಣದ ಸೂತ್ರ

ಪ್ರಶ್ನೆ: ಮಗ ಏಳನೇ ಕ್ಲಾಸು. ಶಿವಮೊಗ್ಗದ ಒಂದು ಕೇಂದ್ರದವರು ಅವನ ಹತ್ತೂ ಬೆರಳಿನ ಅಚ್ಚು ತೆಗೆದುಕೊಂಡು, ಒಂದಿಷ್ಟು ಪ್ರಶ್ನೆ ಕೇಳಿ, ‘ಇವನು ನೋಡಿ ಕಲಿಯುವವನು, ಕೇಳಿ ಅಥವಾ ಓದಿ ಕಲಿಯುವವನಲ್ಲ’ ಎಂದು ಬಣ್ಣದ ವರದಿ ಕೊಟ್ಟಿದ್ದಾರೆ. ಅಂದಿನಿಂದ ಪುಸ್ತಕ ಮುಟ್ಟುತ್ತಿಲ್ಲ, ‘ನಂಗೆ ವಿಡಿಯೋನೇ ಆಗ್ಬೇಕು’ ಅಂತಾನೆ. ಏನು ಮಾಡುವುದು?
— ಒಬ್ಬ ತಾಯಿ, ಹೊಸನಗರ

ಉತ್ತರ: ವರದಿಯನ್ನು ಮಡಚಿ ಬೀರುವಿನಲ್ಲಿಡಿ, ಮಗನ ಕಣ್ಣಿಗೆ ಬೀಳದಂತೆ. ಅದರಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಒಟ್ಟಿಗೆ ಹೊಸೆದಿದ್ದಾರೆ.

ಮೊದಲನೆಯದು ಬೆರಳಚ್ಚು. ಬೆರಳ ತುದಿಯ ಗೆರೆಗಳು ಮಗು ಹೊಟ್ಟೆಯಲ್ಲಿ ನಾಲ್ಕೈದು ತಿಂಗಳಿರುವಷ್ಟರಲ್ಲಿ ಮೂಡಿ ಮುಗಿದಿರುತ್ತವೆ. ಅವು ಹೇಗೆ ಮೂಡಬೇಕು ಎನ್ನುವುದನ್ನು ವಂಶವಾಹಿಗಳೂ ಗರ್ಭದೊಳಗಿನ ಒತ್ತಡ, ಚರ್ಮ ಬೆಳೆಯುವ ವೇಗವೂ ಸೇರಿ ನಿರ್ಧರಿಸುತ್ತವೆ. ಗಣಿತ ಹತ್ತುತ್ತದೋ ಭಾಷೆ ಹತ್ತುತ್ತದೋ ಎಂಬುದನ್ನು ಆ ಗೆರೆಯಲ್ಲಿ ಓದಲು ಬರುವುದಿಲ್ಲ. ಅದಕ್ಕೆ ದುಡ್ಡು ಕೊಡುವುದೂ ಒಂದೇ, ಜಾತಕ ಬರೆಸುವುದೂ ಒಂದೇ.

ಎರಡನೆಯದು ಪ್ರಶ್ನಾವಳಿ. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ-ಬರೆದು ಕಲಿಯುವವರು, ಮಾಡಿ ಕಲಿಯುವವರು ಎಂಬ ನಾಲ್ಕು ಬಗೆಯ ವಿಂಗಡಣೆಯನ್ನು 1992ರಲ್ಲಿ ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಮತ್ತು ಕಾಲೀನ್ ಮಿಲ್ಸ್ ಪ್ರಕಟಿಸಿದರು. ಆ ಪ್ರಶ್ನೆಗಳಿಂದ ತಿಳಿಯುವುದು ಮಗುವಿಗೆ ಯಾವುದು ಇಷ್ಟ ಎಂಬುದು ಮಾತ್ರ. ಇಷ್ಟವಾದ ದಾರಿಯಲ್ಲಿ ಕಲಿಸಿದರೆ ಹೆಚ್ಚು ಕಲಿಯುತ್ತಾನೆ ಎನ್ನಬೇಕಾದರೆ ಬೇರೆಯೇ ಪರೀಕ್ಷೆ ಬೇಕು: ‘ನೋಡುವ’ ಮಕ್ಕಳಲ್ಲಿ ಅರ್ಧ ಜನಕ್ಕೆ ಚಿತ್ರದಿಂದ, ಇನ್ನರ್ಧಕ್ಕೆ ಮಾತಿನಿಂದ ಕಲಿಸಬೇಕು, ‘ಕೇಳುವ’ ಮಕ್ಕಳಿಗೂ ಹಾಗೆಯೇ ಮಾಡಬೇಕು, ಆಮೇಲೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡಬೇಕು. ನೋಡುವವರು ಚಿತ್ರದಲ್ಲೂ ಕೇಳುವವರು ಮಾತಿನಲ್ಲೂ ಮುಂದೆ ಬಂದರೆ ಮಾತ್ರ ಸಿದ್ಧಾಂತ ನಿಲ್ಲುತ್ತದೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಸೇರಿ ನಾಲ್ವರು ಅಮೆರಿಕದ ಮನೋವಿಜ್ಞಾನಿಗಳು ಅದುವರೆಗಿನ ಸಂಶೋಧನೆಗಳನ್ನು ಜಾಲಾಡಿದರು. ಈ ಕ್ರಮದಲ್ಲಿ ನಡೆದ ಪರೀಕ್ಷೆಗಳೇ ಬೆರಳೆಣಿಕೆಯಷ್ಟು, ನಡೆದವುಗಳಲ್ಲೂ ಸಿದ್ಧಾಂತಕ್ಕೆ ಗಟ್ಟಿ ಬೆಂಬಲ ಸಿಗಲಿಲ್ಲ.

ಹೇಗೆ ಕಲಿಯಬೇಕೆಂದು ತೀರ್ಮಾನಿಸುವುದು ಮಗುವಿನ ‘ಬಗೆ’ಯಲ್ಲ, ಕಲಿಯುವ ವಿಷಯ. ಯಕ್ಷಗಾನದ ತಾಳವನ್ನು ಕಿವಿಯಿಂದಲೇ ಹಿಡಿಯಬೇಕು. ಎಲೆಯ ಅಡ್ಡಸೀಳಿಕೆಗೆ ಚಿತ್ರ ಬೇಕೇ ಬೇಕು. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವುದನ್ನು ನೂರು ವಿಡಿಯೋ ನೋಡಿದರೂ ಕೈ ಪಳಗುವುದಿಲ್ಲ. ಇದು ಎಲ್ಲ ಮಕ್ಕಳಿಗೂ ಒಂದೇ.

ವಿಡಿಯೋ ಬೇಡ ಎನ್ನಬೇಡಿ, ಅದರ ಹಿಂದೆ ಒಂದು ಕೆಲಸ ಹಚ್ಚಿ. ಶರಾವತಿ ನದಿಯ ಪಾಠವನ್ನೇ ತೆಗೆದುಕೊಳ್ಳಿ. ಹತ್ತು ನಿಮಿಷ ನೋಡಲಿ ಅಥವಾ ಓದಲಿ. ಆಮೇಲೆ ಫೋನು, ಪುಸ್ತಕ ಎರಡನ್ನೂ ಬೇರೆ ಕೋಣೆಯಲ್ಲಿಟ್ಟು ಖಾಲಿ ಹಾಳೆ ಕೊಡಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಿಂದ ಹೊನ್ನಾವರದ ಸಮುದ್ರದವರೆಗೆ ಒಂದು ಗೆರೆ ಎಳೆದು, ಅದರ ಮೇಲೆ ಲಿಂಗನಮಕ್ಕಿ, ಜೋಗ, ಗೇರುಸೊಪ್ಪೆ ಗುರುತಿಸಲಿ. ಪ್ರತಿಯೊಂದರ ಪಕ್ಕ ನೆನಪಿದ್ದ ಒಂದು ಸಂಗತಿ ಬರೆಯಲಿ. ಐದು ನಿಮಿಷ ಸಾಕು. ಈಗ ಪುಸ್ತಕ ತೆರೆದು ತಪ್ಪನ್ನು ಕೆಂಪು ಪೆನ್ನಿನಲ್ಲಿ ತಾನೇ ತಿದ್ದಲಿ. ಮಾರನೇ ದಿನ ಹೊಸ ಹಾಳೆ, ನಾಲ್ಕು ದಿನ ಬಿಟ್ಟು ಇನ್ನೊಂದು.

ಇಲ್ಲಿ ಮಕ್ಕಳು ಎಡವುವುದು ಎರಡು ಕಡೆ. ಒಂದು, ಪುಸ್ತಕ ತೆರೆದಿಟ್ಟುಕೊಂಡೇ ನಕಾಶೆ ಬರೆಯುತ್ತಾರೆ. ಹಾಳೆ ಚೆಂದ ಇರುತ್ತದೆ, ತಲೆಯಲ್ಲಿ ಏನೂ ಇರುವುದಿಲ್ಲ. ಇನ್ನೊಂದು, ಲಿಂಗನಮಕ್ಕಿ ಅಣೆಕಟ್ಟನ್ನು ಜೋಗದ ಕೆಳಗೆ ಗುರುತಿಸಿಬಿಡುತ್ತಾರೆ. ಹೆಸರಷ್ಟೇ ಕಲಿತು ಕಾರಣ ಬಿಟ್ಟರೆ ಹೀಗಾಗುತ್ತದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಜಲಪಾತಕ್ಕಿಂತ ಮೇಲೆ ನೀರು ಹಿಡಿದು, ಅದನ್ನು ವಿದ್ಯುತ್ ತಯಾರಿಗೆ ಬೇರೆ ದಾರಿಯಲ್ಲಿ ಇಳಿಸುತ್ತದೆ. ಅದಕ್ಕೇ ಬೇಸಿಗೆಯಲ್ಲಿ 253 ಮೀಟರಿನ ಜೋಗ ಸೊರಗುತ್ತದೆ. ಈ ಒಂದು ಮಾತು ಗೊತ್ತಿದ್ದವನು ಅಣೆಕಟ್ಟನ್ನು ಕೆಳಗೆ ಬರೆಯಲಾರ.

‘ನಾನು ಓದಿ ಕಲಿಯುವವನಲ್ಲ’ ಎಂಬ ನಂಬಿಕೆ ಮಾತ್ರ ಬೇಗ ಕಳಚಬೇಕು. ಏಳನೇ ಕ್ಲಾಸಿನಲ್ಲಿ ಅದು ನೆಪ. ಪಿಯುಸಿ ಹೊತ್ತಿಗೆ ಓದುವ ಅಭ್ಯಾಸವೇ ತಪ್ಪಿಹೋಗಿರುತ್ತದೆ.

ಪ್ರಶ್ನೆ: ನಾನು ಎಸ್‌ಎಸ್‌ಎಲ್‌ಸಿ. ಪ್ರತಿ ಪಾಠ ಐದೈದು ಸಲ ಓದುತ್ತೇನೆ, ಮುಖ್ಯವಾದದ್ದಕ್ಕೆಲ್ಲ ಹೈಲೈಟರ್ ಹಾಕಿದ್ದೇನೆ. ಓದುವಾಗ ಎಲ್ಲ ಗೊತ್ತಿದೆ ಅನಿಸುತ್ತದೆ, ಟೆಸ್ಟಿನಲ್ಲಿ ಕೈ ಓಡುವುದಿಲ್ಲ. ಜ್ಞಾಪಕಶಕ್ತಿಗೆ ಏನಾದರೂ ತೆಗೆದುಕೊಳ್ಳಬೇಕೆ?
— ವಿದ್ಯಾರ್ಥಿನಿ, ಭದ್ರಾವತಿ

ಉತ್ತರ: ಏನೂ ತೆಗೆದುಕೊಳ್ಳಬೇಡಮ್ಮ, ನಿನ್ನ ಜ್ಞಾಪಕಶಕ್ತಿಗೆ ಏನೂ ಆಗಿಲ್ಲ. ಐದನೇ ಸಲ ಓದುವಾಗ ಸಾಲು ಪರಿಚಿತವಾಗಿ ಕಾಣುತ್ತದೆ. ಕಂಡ ಕೂಡಲೇ ಗುರುತಿಸುವುದು ಒಂದು, ಖಾಲಿ ಹಾಳೆಯ ಮುಂದೆ ಕೂತು ತಲೆಯಿಂದ ತೆಗೆಯುವುದು ಇನ್ನೊಂದು. ಪರೀಕ್ಷೆ ಕೇಳುವುದು ಎರಡನೆಯದನ್ನು, ನೀನು ಅಭ್ಯಾಸ ಮಾಡಿದ್ದು ಮೊದಲನೆಯದನ್ನು.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಓದಿಸಿದರು. ಕೆಲವರು ಅದನ್ನೇ ಮತ್ತೊಮ್ಮೆ ಓದಿದರು. ಉಳಿದವರು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ: ಶೇ. 81, ಬರೆದವರು ಶೇ. 75. ಒಂದು ವಾರದ ನಂತರ ಲೆಕ್ಕ ತಿರುಗಿತು: ಓದಿದವರು ಶೇ. 42, ಬರೆದವರು ಶೇ. 56. ಹಿಂದಿನ ರಾತ್ರಿ ಓದಿದ್ದು ಬೆಳಿಗ್ಗೆಯ ಕಿರುಪರೀಕ್ಷೆಗೆ ಸಾಕಾಗಿ, ಮಾರ್ಚ್ ಬರುವಷ್ಟರಲ್ಲಿ ಆವಿಯಾಗುವುದು ಇದೇ ಕಾರಣಕ್ಕೆ.

ಹೀಗೆ ಮಾಡು. ದಪ್ಪನೆಯ ಎ4 ಹಾಳೆಯನ್ನು ಮೂರು ಸಲ ಮಡಚಿ ಕತ್ತರಿಸಿದರೆ ಎಂಟು ಚೀಟಿ. ತೆಳು ಹಾಳೆ ಬೇಡ; ಹಿಂದಿನ ಉತ್ತರ ಮುಂದೆ ಕಾಣುತ್ತದೆ. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಚಪ್ಪಲಿ ಡಬ್ಬಿಯಲ್ಲಿ ರಟ್ಟು ಇಟ್ಟು ಮೂರು ಮನೆ ಮಾಡಿಕೊ. ಹೊಸ ಚೀಟಿಗಳೆಲ್ಲ ಮೊದಲ ಮನೆಗೆ. ಅದನ್ನು ದಿನವೂ ನೋಡಬೇಕು. ಉತ್ತರ ಸರಿ ಬಂದ ಚೀಟಿ ಎರಡನೇ ಮನೆಗೆ ಹೋಗುತ್ತದೆ. ಅದು ಮೂರು ದಿನಕ್ಕೊಮ್ಮೆ. ಅಲ್ಲೂ ಸರಿಯಾದರೆ ಮೂರನೇ ಮನೆ, ಭಾನುವಾರಕ್ಕೆ ಮಾತ್ರ. ಯಾವ ಮನೆಯಲ್ಲಿ ತಪ್ಪಿದರೂ ಚೀಟಿ ಮತ್ತೆ ಮೊದಲ ಮನೆಗೆ. ಜರ್ಮನಿಯ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ವಿಧಾನ ಇದು. ಅವರ ಪೆಟ್ಟಿಗೆಗೆ ಐದು ಮನೆ, ನಿನಗೆ ಮೂರು ಸಾಕು.

ಡಬ್ಬಿ ಹದಿನೈದು ದಿನಕ್ಕೇ ಅಟ್ಟ ಸೇರುವುದಕ್ಕೆ ಕಾರಣಗಳಿವೆ. ಉತ್ಸಾಹದಲ್ಲಿ ಮೊದಲ ದಿನವೇ ಐವತ್ತು ಚೀಟಿ ಬರೆಯುವುದು ಒಂದು. ನಾಲ್ಕನೇ ದಿನಕ್ಕೆ ನೋಡಬೇಕಾದ ರಾಶಿ ಹೆಗಲೇರುತ್ತದೆ. ದಿನಕ್ಕೆ ಹೊಸದು ಹತ್ತು ದಾಟಬಾರದು. ಬಾಯಿಬಿಟ್ಟು ಉತ್ತರ ಹೇಳುವ ಮೊದಲೇ ಚೀಟಿ ತಿರುವಿ ‘ಹೌದು, ಇದೇ ಗೊತ್ತಿತ್ತು’ ಅಂದುಕೊಳ್ಳುವುದು ಇನ್ನೊಂದು. ಅಲ್ಲಿಗೆ ಮತ್ತೆ ಓದಿದ ಹಾಗೇ ಆಯಿತು. ಪ್ರಶ್ನೆಯೂ ಸಣ್ಣದಿರಬೇಕು. ‘ದ್ಯುತಿಸಂಶ್ಲೇಷಣೆ ಬಗ್ಗೆ ಬರೆಯಿರಿ’ ಎಂಬುದು ಚೀಟಿಯಲ್ಲ, ಪ್ರಬಂಧ. ‘ದ್ಯುತಿಸಂಶ್ಲೇಷಣೆಯಲ್ಲಿ ಹೊರಬರುವ ಆಮ್ಲಜನಕ ಎಲ್ಲಿಂದ ಬರುತ್ತದೆ?’ ಎಂದು ಕೇಳಿಕೊ. ಉತ್ತರ: ನೀರಿನಿಂದ, ಇಂಗಾಲದ ಡೈಆಕ್ಸೈಡಿನಿಂದ ಅಲ್ಲ.

ಗಣಿತಕ್ಕೆ ಚೀಟಿ ಬೇಡ, ಬೆರಕೆ ಬೇಕು. ವರ್ಗ ಸಮೀಕರಣದ ಅಧ್ಯಾಯದಲ್ಲಿ ಇಪ್ಪತ್ತು ಲೆಕ್ಕ ಒಂದೇ ಸಮನೆ ಮಾಡಿದರೆ ಯಾವ ವಿಧಾನ ಎಂದು ಯೋಚಿಸುವ ಪ್ರಶ್ನೆಯೇ ಇಲ್ಲ, ಅಧ್ಯಾಯದ ಹೆಸರೇ ಹೇಳಿಬಿಡುತ್ತದೆ. ಪರೀಕ್ಷೆಯಲ್ಲಿ ಆ ಹೆಸರು ಇರುವುದಿಲ್ಲ. ಸಮಾಂತರ ಶ್ರೇಢಿ, ವರ್ಗ ಸಮೀಕರಣ, ತ್ರಿಭುಜಗಳು, ತ್ರಿಕೋನಮಿತಿ: ಒಂದೊಂದರಿಂದ ಮೂರರಂತೆ ಹನ್ನೆರಡು ಲೆಕ್ಕ ಆರಿಸಿ ಕಲಸಿ ಮಾಡು. ಮೊದಮೊದಲು ನಿಧಾನವಾಗುತ್ತದೆ, ತಪ್ಪೂ ಹೆಚ್ಚು. ಆ ತಿಣುಕಾಟವೇ ಅಭ್ಯಾಸ. ಹೈಲೈಟರನ್ನು ತಮ್ಮನಿಗೆ ಕೊಟ್ಟುಬಿಡು.

ಪ್ರಶ್ನೆ: ಮೊಮ್ಮಗಳಿಗೆ ಗಟ್ಟಿಯಾಗಿ ಮಗ್ಗಿ ಹೇಳಿಸುತ್ತೇನೆ. ಅವಳ ಅಮ್ಮ ‘ಬಾಯಿಪಾಠ ಹಳೇ ಪದ್ಧತಿ’ ಅಂತಾಳೆ. ಯಾರದು ಸರಿ?
— ಒಬ್ಬ ಅಜ್ಜ, ಸಾಗರ

ಉತ್ತರ: ಅಜ್ಜನವರ ಪಕ್ಷ ಅರ್ಧ ಗೆದ್ದಿದೆ. ಗಟ್ಟಿಯಾಗಿ ಹೇಳಿದ್ದು ಮನಸ್ಸಿನಲ್ಲೇ ಓದಿದ್ದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಇದು ಪ್ರಯೋಗಗಳಲ್ಲೂ ಕಂಡಿದೆ. ಮಗ್ಗಿ ನಾಲಿಗೆ ತುದಿಯಲ್ಲಿದ್ದರೆ ಭಾಗಾಕಾರ, ಭಿನ್ನರಾಶಿ ಮಾಡುವಾಗ ತಲೆ ಬೇರೆ ಕೆಲಸಕ್ಕೆ ಖಾಲಿ ಇರುತ್ತದೆ. ಬರಿಯ ರಾಗದ ಮಗ್ಗಿಯಲ್ಲಿ ಕೊರತೆ ಎಂದರೆ, ಏಳೆಂಟು ಎಷ್ಟು ಎಂದು ಕೇಳಿದರೆ ಮಗು ‘ಏಳೊಂದ್ಲ ಏಳು’ ಎಂದು ಮೊದಲಿನಿಂದ ಹತ್ತಿಕೊಂಡು ಬರಬೇಕು.

ಹಾಗಾಗಿ ರಾಗ ಕೂತ ಮೇಲೆ ಅದನ್ನು ಮುರಿಯಿರಿ. ನಡುನಡುವೆ ಕೇಳಿ, ತಲೆಕೆಳಗಾಗಿ ಕೇಳಿ: ‘56 ಯಾವ ಮಗ್ಗಿಯಲ್ಲಿ ಬರುತ್ತದೆ?’ ಕೆಲಸ ಕಾಣುವಷ್ಟು ದೊಡ್ಡದಲ್ಲ. ಹತ್ತರ ತನಕ ನೂರು ಗುಣಲಬ್ಧ. ಏಳೆಂಟೂ ಎಂಟೇಳೂ ಒಂದೇ ಆದ್ದರಿಂದ ಬೇರೆ ಬೇರೆ ಇರುವುದು 55. ಅದರಲ್ಲಿ 1, 2, 5, 10 ತಾನೇ ಬರುತ್ತವೆ, ಉಳಿದದ್ದು 21. ಒಂಬತ್ತರ ಮಗ್ಗಿಯಲ್ಲಿ ಎರಡು ಅಂಕಿ ಕೂಡಿದರೆ 9 ಬರುವುದನ್ನು ತೋರಿಸಿಕೊಟ್ಟರೆ ಅದೂ ಹೋಗಿ ಹಠಮಾರಿಗಳು 15 ಮಾತ್ರ. ಆ ಹದಿನೈದನ್ನು ಅಡುಗೆಮನೆ ಬಾಗಿಲಿಗೆ ಅಂಟಿಸಿ, ಉತ್ತರ ಬರೆಯದೆ.

ಪ್ರಶ್ನೆ: ಹತ್ತನೇ ತರಗತಿಗೆ ಛಂದಸ್ಸು ಹೇಳುವಾಗ ‘ಯಮಾತಾರಾಜಭಾನಸಲಗಂ’ ಸೂತ್ರ ಕೊಡುತ್ತೇನೆ. ಮಕ್ಕಳು ಸೂತ್ರ ಒಪ್ಪಿಸುತ್ತಾರೆ, ಪ್ರಸ್ತಾರ ಹಾಕುವಾಗ (ಪದ್ಯದ ಸಾಲಿಗೆ ಗುರು-ಲಘು ಗುರುತಿಸಿ ಗಣ ಬಿಡಿಸುವಾಗ) ತಪ್ಪುತ್ತಾರೆ. ಸೂತ್ರವೇ ಬೇಡವೆ?
— ಕನ್ನಡ ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಬೇಕು. ಯಾವ ಗಣಕ್ಕೆ ಯಾವ ಹೆಸರು ಎನ್ನುವುದಕ್ಕೆ ಮಗು ಯೋಚಿಸಿ ಕಂಡುಕೊಳ್ಳಬಹುದಾದ ಕಾರಣ ಇಲ್ಲ. ಕಾರಣ ಇಲ್ಲದ ಕಡೆ ಸೂತ್ರ ನ್ಯಾಯವೇ. ಹತ್ತು ಅಕ್ಷರದಲ್ಲಿ ಎಂಟು ಗಣ ಅಡಗಿಸಿದ ಈ ಸೂತ್ರದಷ್ಟು ಜಾಣ ಸೂತ್ರ ಬೇರೆ ವಿಷಯಗಳಲ್ಲಿ ಸಿಗುವುದು ಕಷ್ಟ. ಯಾವ ಅಕ್ಷರದಿಂದ ಹಿಡಿದು ಮೂರು ಎಣಿಸಿದರೂ ಆ ಹೆಸರಿನ ಗಣ: ‘ಯಮಾತಾ’ ಲಘು-ಗುರು-ಗುರು, ಯಗಣ, ‘ರಾಜಭಾ’ ಗುರು-ಲಘು-ಗುರು, ರಗಣ, ‘ಸಲಗಂ’ ಲಘು-ಲಘು-ಗುರು, ಸಗಣ.

ತಪ್ಪು ಆಗುವುದು ಸೂತ್ರಕ್ಕೂ ಮೊದಲು, ಗುರು-ಲಘು ಹಾಕುವಲ್ಲಿ. ಮಕ್ಕಳು ಒತ್ತಕ್ಷರದ ಮೇಲೆಯೇ ಗುರು ಹಾಕುತ್ತಾರೆ. ಹಾಕಬೇಕಾದದ್ದು ಅದರ ಹಿಂದಿನ ಅಕ್ಷರಕ್ಕೆ. ‘ಅಕ್ಕ’ ಎಂಬಲ್ಲಿ ‘ಅ’ ಗುರು, ‘ಕ್ಕ’ ಲಘು. ಬಾಯಲ್ಲಿ ಹೇಳಿಸಿ ಕೈ ತಟ್ಟಿಸಿ: ‘ಅಕ್’ ಎಂದು ನಾಲಿಗೆ ತಡೆಯುವುದು ಮೊದಲ ಅಕ್ಷರದಲ್ಲಿ ಎಂದು ಕಿವಿಗೇ ಗೊತ್ತಾಗುತ್ತದೆ. ಒಂದು ಪೂರ್ತಿ ಪಿರಿಯಡ್ ಬರಿಯ ಗುರು-ಲಘುವಿಗೆ ಮೀಸಲಿಡಿ: ದೀರ್ಘ, ಅನುಸ್ವಾರ, ವಿಸರ್ಗ, ಒತ್ತಕ್ಷರದ ಹಿಂದಿನದು. ಗಣದ ಮಾತೇ ಎತ್ತಬೇಡಿ. ಮಾರನೇ ದಿನ ಉತ್ಪಲಮಾಲೆಯ ಒಂದು ಸಾಲು ಕೊಟ್ಟು ಮೂರು ಮೂರಕ್ಕೆ ಗೆರೆ ಹಾಕಿಸಿ. ಭ-ರ-ನ-ಭ-ಭ-ರ, ಕೊನೆಗೆ ಲಘು-ಗುರು, ಒಟ್ಟು 20 ಅಕ್ಷರ ಬರಬೇಕು. 20 ಬರಲಿಲ್ಲವೆಂದರೆ ಅಕ್ಷರ ಬಿಡಿಸುವಲ್ಲೇ ತಪ್ಪಿದೆ.

ಇನ್ನೊಂದು: ಭಾಮಿನಿ ಷಟ್ಪದಿಗೂ ಇದೇ ಸೂತ್ರ ಹಚ್ಚುವವರಿದ್ದಾರೆ. ಅಲ್ಲಿ ಅಕ್ಷರ ಎಣಿಸುವುದಲ್ಲ, ಮಾತ್ರೆ. ಲಘುವಿಗೆ 1, ಗುರುವಿಗೆ 2, ಮೂರು-ನಾಲ್ಕರ ಲಯ. ಎರಡನ್ನೂ ಒಂದೇ ವಾರ ಕಲಿಸಿದರೆ, ಬೆರೆಸಿ ಪ್ರಶ್ನೆ ಕೊಡದೆ ಬಿಡಬೇಡಿ.

ಪ್ರಶ್ನೆ: ಮೂರನೇ ಕ್ಲಾಸಿನ ಮಗಳು ಒತ್ತಕ್ಷರ ಬಿಡುತ್ತಾಳೆ, ‘ಸೂರ್ಯ’ವನ್ನು ‘ಸೂಯ್ರ’ ಎಂದು ಬರೆಯುತ್ತಾಳೆ, ಮಹಾಪ್ರಾಣ ತಪ್ಪುತ್ತಾಳೆ. ಮನೆಮಾತು ತುಳು. ಇದು ಡಿಸ್‌ಲೆಕ್ಸಿಯಾ ಇರಬಹುದೆ?
— ಆಗುಂಬೆ ಸಮೀಪದ ತಂದೆ

ಉತ್ತರ: ಈ ಮೂರು ತಪ್ಪಿನಿಂದ ಹಾಗೆ ಹೇಳಲು ಬರುವುದಿಲ್ಲ. ಕನ್ನಡದ ವರ್ಣಮಾಲೆ 49 ಅಕ್ಷರದ್ದಾದರೂ ಮಗು ಕಲಿಯುವುದು ಅಷ್ಟನ್ನೇ ಅಲ್ಲ. ಕಾಗುಣಿತವೊಂದೇ 34 ವ್ಯಂಜನಕ್ಕೆ 15ರಂತೆ 510 ರೂಪ. ಒತ್ತಕ್ಷರ ಅದರ ಮೇಲೆ. ನಾಲ್ಕನೇ ಐದನೇ ತರಗತಿವರೆಗೂ ಈ ಕಲಿಕೆ ನಡೆಯುತ್ತಲೇ ಇರುತ್ತದೆ. ಮಹಾಪ್ರಾಣವನ್ನಂತೂ ಆಡುವ ಮಾತಿನಲ್ಲಿ ದೊಡ್ಡವರೇ ಬಿಡುತ್ತೇವೆ, ಕೇಳದ್ದನ್ನು ಮಗು ಬರೆಯುವುದು ಹೇಗೆ? ಅದು ಕಾಗುಣಿತದ ತಪ್ಪು, ಓದಿನ ತೊಂದರೆಯಲ್ಲ. ‘ಸೂಯ್ರ’ಕ್ಕೂ ನ್ಯಾಯವಾದ ಕಾರಣವಿದೆ: ಅರ್ಕಾವತ್ತಿನಲ್ಲಿ ‘ರ್’ ಮೊದಲು ಕೇಳುತ್ತದೆ, ಗುರುತು ಮಾತ್ರ ಅಕ್ಷರದ ಆಚೆ ಕೂರುತ್ತದೆ.

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಶೀತದ ಕಾಲದಲ್ಲಿ ಕಿವಿ ಸೋರುವ, ಕಟ್ಟಿಕೊಳ್ಳುವ ಮಗುವಿಗೆ ‘ತ’, ‘ತ್ತ’ ಒಂದೇ ತರ ಕೇಳಿಸಬಹುದು. ಆಮೇಲೆ ಪುಸ್ತಕ ಇಲ್ಲದೆ ಬಾಯಲ್ಲಿ ಆಡಿಸಿ: ‘ಕಮಲದಲ್ಲಿ ನಡುವಿನ ಅಕ್ಷರ ತೆಗೆದರೆ?’ ‘ಕಲ’ ಎನ್ನಬೇಕು. ‘ಮರ’ದಲ್ಲಿ ‘ಮ’ ತೆಗೆದರೆ? ಇದು ಸಲೀಸಾಗಿ ಬಂದರೆ ಧೈರ್ಯವಾಗಿರಿ. ಬಾರದಿದ್ದರೆ ಬರೆಸುವುದನ್ನು ಕಡಿಮೆ ಮಾಡಿ ದಿನಕ್ಕೆ ಐದು ನಿಮಿಷ ಈ ಆಟವೇ ಆಗಲಿ. ತುಳುವಿನ ಪದಗಳಲ್ಲೂ ಆಡಬಹುದು, ಕಿವಿಗೆ ಭಾಷೆಯ ಭೇದವಿಲ್ಲ.

ಒತ್ತಕ್ಷರಕ್ಕೆ ಜೋಡಿ ಪದ ಬಳಸಿ: ಕತೆ–ಕತ್ತೆ, ಹಳಿ–ಹಳ್ಳಿ, ಬಳಿ–ಬಳ್ಳಿ. ನೀವು ಹೇಳಿ, ಅವಳು ಯಾವುದೆಂದು ಬೆರಳು ತೋರಿಸಲಿ. ಅದು ತಪ್ಪದೆ ಬಂದ ಮೇಲೆ ಬರೆಯಲಿ. ಕ್ಕ, ಚ್ಚ, ಟ್ಟ ಮೊದಲು, ಒತ್ತು ಮೂಲ ಅಕ್ಷರದಂತೆಯೇ ಕಾಣುತ್ತದೆ. ತ, ನ, ಮ, ಯ, ರ, ಲ ಈ ಆರರ ಒತ್ತು ಬೇರೆಯೇ ಆಕಾರ, ಇವಕ್ಕೆ ದಿನಕ್ಕೊಂದರಂತೆ ಬಿಡುವು ಕೊಟ್ಟು ಕಲಿಸಿ. ಕೊನೆಗೆ ಅರ್ಕಾವತ್ತು. ಎಲ್ಲವನ್ನೂ ಒಂದೇ ವಾರದಲ್ಲಿ ತುರುಕಿದ ಶಾಲೆಗಳಲ್ಲೇ ‘ಸೂಯ್ರ’ ಹೆಚ್ಚು.

ಹೀಗೆ ಆರು ತಿಂಗಳು ಕಲಿಸಿದರೂ ಜೊತೆಯ ಮಕ್ಕಳಿಗಿಂತ ತೀರ ಹಿಂದೆ ಉಳಿದು, ಸಣ್ಣ ಸಾಲನ್ನೂ ತಡವರಿಸಿ ಓದುತ್ತಿದ್ದರೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮಕ್ಕಳ ತಜ್ಞರನ್ನು ಕಂಡು ಶುರು ಮಾಡಿ. ಪೂರ್ಣ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇವೆ. ಡಿಸ್‌ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಒಪ್ಪಿಕೊಂಡಿದೆ. ಪ್ರಮಾಣಪತ್ರ ಇದ್ದರೆ ಮುಂದೆ ಪಬ್ಲಿಕ್ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು.

ಪ್ರಶ್ನೆ: ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದಿದ್ದೇ ತಲೆಗೆ ಹತ್ತುವುದಂತೆ. ಮಗ ಏಳಲು ಒಪ್ಪುವುದಿಲ್ಲ.
— ಶಿಕಾರಿಪುರದ ತಂದೆ

ಉತ್ತರ: ಮಗ ಎಷ್ಟು ಹೊತ್ತಿಗೆ ಮಲಗುತ್ತಾನೆ ಎಂದು ಬರೆದಿಲ್ಲ, ಉತ್ತರ ಅದರಲ್ಲೇ ಇದೆ. 13ರಿಂದ 18ರ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಆ ವಯಸ್ಸಿನಲ್ಲಿ ನಿದ್ದೆ ಬರುವ ಹೊತ್ತೂ ತಡವಾಗುತ್ತದೆ, ಅದು ಸೋಮಾರಿತನವಲ್ಲ. ನಾಲ್ಕಕ್ಕೆ ಏಳಬೇಕಾದರೆ ಎಂಟಕ್ಕೆ ಮಲಗಬೇಕು. ಹತ್ತೂವರೆಗೆ ಮಲಗಿಸಿ ನಾಲ್ಕಕ್ಕೆ ಎಬ್ಬಿಸಿದರೆ ಹಗಲು ಕಲಿತದ್ದು ಗಟ್ಟಿಯಾಗುವ ನಿದ್ದೆಯನ್ನೇ ಕತ್ತರಿಸಿದಂತೆ. ಮುಂಜಾನೆಯ ಲಾಭ ಇರುವುದು ಮನೆಯ ನಿಶ್ಶಬ್ದದಲ್ಲಿ. ಒಂಬತ್ತೂವರೆಗೆ ಮಲಗಿ ಐದೂವರೆಗೆ ಎದ್ದರೂ ಅದು ಸಿಗುತ್ತದೆ.

ಪ್ರಶ್ನೆ: ಮಿದುಳಿನ ಶೇ. 10 ಮಾತ್ರ ಬಳಸುತ್ತೇವೆ, ಕಲಾವಿದರದು ಬಲ ಮಿದುಳು, ಲೆಕ್ಕದವರದು ಎಡ ಎನ್ನುತ್ತಾರಲ್ಲ?
— ಕಾಲೇಜು ವಿದ್ಯಾರ್ಥಿ, ಶಂಕರಘಟ್ಟ

ಉತ್ತರ: ಎರಡೂ ಸುಳ್ಳು. ದೇಹದ ತೂಕದಲ್ಲಿ ಸುಮಾರು ಶೇ. 2 ಇರುವ ಮಿದುಳು ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಶೇ. 20ರಷ್ಟನ್ನು ತಿನ್ನುತ್ತದೆ, ಒಂಬತ್ತು ಪಾಲು ಸುಮ್ಮನಿರುವ ಅಂಗಕ್ಕೆ ಇಷ್ಟು ಊಟ ಬೇಕಾಗುವುದಿಲ್ಲ. ಎಲ್ಲಿ ಸಣ್ಣ ಪೆಟ್ಟು ಬಿದ್ದರೂ ಏನಾದರೊಂದು ಸಾಮರ್ಥ್ಯ ಕುಂದಬಹುದು. ಎಡ-ಬಲದ ಕಥೆ ಹುಟ್ಟಿದ್ದು ರೋಜರ್ ಸ್ಪೆರಿ ಅವರ ಸಂಶೋಧನೆಯಿಂದ. ಎರಡು ಅರ್ಧಗಳ ನಡುವಿನ ಸೇತುವೆಯನ್ನು ಮೂರ್ಛೆರೋಗದ ಚಿಕಿತ್ಸೆಗೆ ಕತ್ತರಿಸಿದ್ದ ರೋಗಿಗಳನ್ನು ಅವರು ಪರೀಕ್ಷಿಸಿದ್ದರು, 1981ರಲ್ಲಿ ನೊಬೆಲ್ ಬಂತು. ಬಹುತೇಕರಲ್ಲಿ ಮಾತಿನ ಕೆಲಸ ಹೆಚ್ಚಾಗಿ ಎಡಭಾಗದಲ್ಲಿ ನಡೆಯುವುದು ನಿಜ. ಆದರೆ ನಮ್ಮ ನಿಮ್ಮ ಸೇತುವೆ ಗಟ್ಟಿಯಾಗಿದೆ. ಹಾಡುವಾಗಲೂ ಲೆಕ್ಕ ಮಾಡುವಾಗಲೂ ಎರಡೂ ಕಡೆ ದುಡಿಯುತ್ತವೆ. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಜನರ ಮಿದುಳಿನ ಸ್ಕ್ಯಾನ್ ನೋಡಿದಾಗ ‘ಎಡದವರು’, ‘ಬಲದವರು’ ಎಂಬ ಎರಡು ಗುಂಪು ಸಿಗಲಿಲ್ಲ.